ಕೃಪೆ: ಅಂತರ್ಜಾಲ

‘ಚಿತ್ರ ಕೃಪೆ: ಅಂತರ್ಜಾಲ.’ ಈ ಸಾಲನ್ನು ನೀವು ಎಷ್ಟು ಸಲ ನೋಡಿಲ್ಲ ಹೇಳಿ? ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ, ಸೊಸೈಟಿಯ ವಾರ್ಷಿಕ ವರದಿಯಲ್ಲಿ, ಎಲ್ಲೆಲ್ಲೂ ಇದೇ. ಯಾರಪ್ಪಾ ಈ ಅಂತರ್ಜಾಲ? ಕಾರವಾರದವರೋ, ಅಂಕೋಲೆಯವರೋ? ಊರವರಿಗೆಲ್ಲ ಹೀಗೆ ಪುಕ್ಕಟೆ ಕೃಪೆ ಮಾಡುತ್ತ ಕೂತ ಈ ಮಹಾನುಭಾವರನ್ನು ಒಮ್ಮೆ ಕಂಡು ನಮಸ್ಕಾರ ಹೇಳಬೇಕು ಅಂತ ನನಗೆ ಬಹಳ ದಿನದಿಂದ ಆಸೆ.

ಬರಹಕ್ಕಾದರೆ ಇನ್ನೊಂದು ಪದ ಇದೆ, ‘ಸಂಗ್ರಹ’. ಯಾರೋ ಕೂತು ಬರೆದ ಲೇಖನವನ್ನು ಮೊದಲಿಂದ ಕೊನೆಯವರೆಗೆ ಹಾಗೇ ಎತ್ತಿ ಹಾಕುವುದು, ಕೆಳಗೆ ‘ಸಂಗ್ರಹ’ ಅಂತ ಬರೆದು ತಮ್ಮ ಹೆಸರು ಹಾಕಿಕೊಳ್ಳುವುದು. ಬರೆದವರ ಹೆಸರು ಹೋಯ್ತು, ಎತ್ತಿದವರ ಹೆಸರು ಉಳಿಯಿತು. ಇದನ್ನು ಮಾಡುವವರೆಲ್ಲ ಕೆಟ್ಟವರಲ್ಲ. ಹೆಚ್ಚಿನವರಿಗೆ ಬರಹ ಇಷ್ಟವಾಗಿರುತ್ತದೆ, ನಾಲ್ಕು ಜನಕ್ಕೆ ತಲುಪಲಿ ಅಂತಲೇ ಮಾಡಿರುತ್ತಾರೆ. ಆದರೆ ಒಳ್ಳೆಯ ಮನಸ್ಸಿನಿಂದ ಎತ್ತಿದರೂ ಏನೇನಾಗಬಹುದು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ಮನಸ್ಸಿಲ್ಲದೆ ಎತ್ತಿದರಂತೂ ಕೇಳುವುದೇ ಬೇಡ.

ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಹಾಲಕ್ಕಿ ಅಜ್ಜಿಯ ಬಗ್ಗೆ ಬರೆದಿದ್ದೆ. ಹೆಸರು ಆಗಲೂ ಹಾಕಿರಲಿಲ್ಲ, ಈಗಲೂ ಹಾಕುವುದಿಲ್ಲ. ಅಂಕೋಲೆ ಪೇಟೆಗೆ ಹರಿವೆ, ಬಸಳೆ, ಮೂಲಂಗಿಯ ಬುಟ್ಟಿ ಹೊತ್ತು ಬರುವವರು. ಅವರ ದಿನಚರಿ, ಅವರು ಬೆಳೆಯುವ ಸೊಪ್ಪು, ಅವರ ಕೊರಳ ತುಂಬ ಇರುವ ಮಣಿಸರ, ಇಷ್ಟೇ ಆ ಬರಹ. ಒಂದು ಫೋಟೊ ತೆಗೆಯಲೇ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಪೇಪರಿಗಾದ್ರೆ ತೆಗೀರಿ ಅಕ್ಕೋರೆ. ಮತ್ತೆಲ್ಲೂ ಕೊಡೂದು ಬೇಡ” ಅಂದಿದ್ದರು. (ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾಗಿ ಎಷ್ಟು ವರ್ಷ ಆದರೂ ಆ ಹೆಸರು ಬಿಡುವುದಿಲ್ಲ.)

ನಾಲ್ಕು ತಿಂಗಳಾದ ಮೇಲೆ ಗೋವಾದಲ್ಲಿ ಕೆಲಸಕ್ಕಿರುವ ಅಜ್ಜಿಯ ಮೊಮ್ಮಗ ಫೋನ್ ಮಾಡಿದ. ಯಾವುದೋ ಆರೋಗ್ಯದ ಜಾಲತಾಣದಲ್ಲಿ ಅಜ್ಜಿಯ ಫೋಟೊ! ತೆರೆದು ನೋಡಿದರೆ ನನ್ನದೇ ಬರಹ. ಆದರೆ ತಲೆಬರಹ ಬದಲಾಗಿ ‘ಶತಾಯುಷಿ ಅಜ್ಜಿಯ ಆರೋಗ್ಯದ ಗುಟ್ಟು’ ಅಂತಾಗಿತ್ತು. ಅಜ್ಜಿಗೆ ಎಪ್ಪತ್ತು ದಾಟಿದೆ ಅಷ್ಟೇ. ಪ್ಯಾರಾಗಳ ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು. ಕೊನೆಗೆ ನಾನು ಬರೆಯದ, ಅಜ್ಜಿ ಹೇಳದ ಮೂರು ಸಾಲು: ಗುಡ್ಡದ ಒಂದು ಬೇರನ್ನು ಅರೆದು ಕುಡಿಯುವುದರಿಂದ ತನಗೆ ಬಿಪಿ, ಶುಗರ್ ಯಾವುದೂ ಇಲ್ಲ ಅಂತ ಅಜ್ಜಿಯೇ ಹೇಳಿದ ಹಾಗೆ. ಅಜ್ಜಿ ತಿಂಗಳಿಗೊಮ್ಮೆ ಸರಕಾರಿ ಆಸ್ಪತ್ರೆಗೆ ಹೋಗಿ ಬಿಪಿ ಗುಳಿಗೆ ತರುತ್ತಾರೆ. ಅದೂ ನನ್ನ ಮೂಲ ಬರಹದಲ್ಲಿತ್ತು. ಆ ಸಾಲನ್ನು ನೀಟಾಗಿ ಕತ್ತರಿಸಿದ್ದರು.

ಹದಿನೈದು ದಿನದೊಳಗೆ ಬೇರು ಕೇಳಿಕೊಂಡು ಇಬ್ಬರು ಅಜ್ಜಿಯ ಮನೆ ಹುಡುಕಿ ಬಂದರಂತೆ. ಒಬ್ಬರು ಶುಗರ್ ಗುಳಿಗೆ ಬಿಟ್ಟು ಆಗಲೇ ಒಂದು ವಾರವಾಗಿತ್ತು. ಅಜ್ಜಿ ಅವರನ್ನು ಬೈದು ಆಸ್ಪತ್ರೆಗೆ ಕಳಿಸಿದರು, ಪುಣ್ಯ. ನಾನು ಹೋದಾಗ ಅವರು ಸಿಟ್ಟು ಮಾಡಲಿಲ್ಲ. “ನಾ ಹೇಳದ್ದನ್ನ ನನ್ನ ಬಾಯಲ್ಲಿ ಹಾಕಿರಲ್ಲ ಅಕ್ಕೋರೆ, ಯಾರವ್ರು?” ಅಂದರು.

ಯಾರವರು ಅಂತ ಹುಡುಕುವುದೇ ಒಂದು ಕೆಲಸವಾಯ್ತು. ಕೊನೆಗೂ ಒಂದು ಮೇಲ್ ವಿಳಾಸ ಸಿಕ್ಕಿ ಬರೆದಾಗ ಬಂದ ಉತ್ತರ ಹೀಗಿತ್ತು: ನಿಮ್ಮ ಪತ್ರಿಕೆಯ ಫೀಡ್‌ನಿಂದ ಲೇಖನಗಳು ನಮ್ಮಲ್ಲಿಗೆ ತಾನಾಗಿ ಬರುತ್ತವೆ, ಕೆಳಗೆ ಕೃಪೆ ಹಾಕಿದ್ದೇವೆ, ಇನ್ನೇನು ಬೇಕು?

ಫೀಡ್ ಅಂದರೆ ಏನು ಅಂತ ತಿಳಿಯದವರಿಗೆ ಎರಡು ಮಾತು. ಪತ್ರಿಕೆಯ ತಾಣದಲ್ಲಿ ಹೊಸ ಲೇಖನ ಬಂದ ಕೂಡಲೇ ಅದರ ತಲೆಬರಹ, ಸಾರಾಂಶ, ಕೆಲವೊಮ್ಮೆ ಇಡೀ ಬರಹ ಓದುಗರ ಫೋನಿಗೆ ತಲುಪುವಂತೆ ಮಾಡಿರುವ ಒಂದು ವ್ಯವಸ್ಥೆ ಅದು. ಓದುಗರ ಅನುಕೂಲಕ್ಕೆ. ಪೇಪರ್ ಹುಡುಗ ಬೆಳಿಗ್ಗೆ ಜಗಲಿಗೆ ಪೇಪರ್ ಎಸೆದು ಹೋಗುವುದು ನಾವು ಓದಲಿ ಅಂತ, ಅದನ್ನು ನೋಡಿಕೊಂಡು ನಾವು ಇನ್ನೊಂದು ಪೇಪರ್ ಅಚ್ಚು ಹಾಕಲಿ ಅಂತಲ್ಲ. ಪತ್ರಿಕೆಗಳು ತಮ್ಮ ಲೇಖನಗಳನ್ನು ಬೇರೆ ಪತ್ರಿಕೆಗೆ ಕೊಡುವುದೂ ಇದೆ. ಸುದ್ದಿಸಂಸ್ಥೆಗಳು ಬದುಕುವುದೇ ಹಾಗೆ: ಚಂದಾ ಕಟ್ಟಿದ ಪತ್ರಿಕೆಗಳು ಅವರ ಸುದ್ದಿಯನ್ನು ಹಾಕಿಕೊಳ್ಳುತ್ತವೆ. ಅಲ್ಲಿ ದುಡ್ಡು, ಕರಾರು, ಯಾವುದನ್ನು ಹೇಗೆ ಬಳಸಬಹುದು ಎಂಬ ಷರತ್ತು ಎಲ್ಲ ಇರುತ್ತದೆ. ಚಂದಾ ಕಟ್ಟಿದ ಪತ್ರಿಕೆಯಿಂದ ಮೂರನೆಯವರು ಎತ್ತಿಕೊಂಡರೆ ಆ ಕರಾರು ಅವರಿಗೆ ಅನ್ವಯಿಸುವುದಿಲ್ಲ. ಅದಿರಲಿ, ಎಲ್ಲ ತಾನಾಗಿ ಬರುತ್ತದೆ ಅಂತಾದರೆ ಆ ಬೇರು ಎಲ್ಲಿಂದ ಬಂತು? ಅದನ್ನೂ ಕೇಳಿ ಬರೆದೆ. ಉತ್ತರ ಬರಲಿಲ್ಲ.

ಆಮೇಲೆ ನಮ್ಮ ಸಂಪಾದಕರು ಒಂದು ಪತ್ರ ಕಳಿಸಿದರು. ಮೂಲ ಬರಹ ಎಂದು ಎಲ್ಲಿ ಬಂತು, ನಕಲು ಯಾವ ವಿಳಾಸದಲ್ಲಿದೆ, ಯಾವ ಸಾಲು ಕತ್ತರಿಸಿದ್ದಾರೆ, ಯಾವುದನ್ನು ಸೇರಿಸಿದ್ದಾರೆ, ಎಲ್ಲವನ್ನೂ ಪುಟದ ಸ್ಕ್ರೀನ್‌ಶಾಟ್ ಸಮೇತ. ಮೂರು ವಾರಕ್ಕೆ ಆ ಪುಟ ಮಾಯವಾಯಿತು, ಕ್ಷಮೆ ಇಲ್ಲ, ಉತ್ತರ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಅಜ್ಜಿ ಈಗಲೂ ಬೇರು ಅರೆಯುತ್ತಲೇ ಇದ್ದಾರೆ. ಹೋದ ದೀಪಾವಳಿಗೆ ನನಗೇ ಒಬ್ಬರು ಕಳಿಸಿದರು, ‘ತಪ್ಪದೆ ಓದಿ’ ಅಂತ.

ಆವತ್ತಿನಿಂದ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಕೂತು ಓದಿದೆ. ಪಾಠ ಮಾಡಿದ ಅಭ್ಯಾಸ ನೋಡಿ, ಪೆನ್ಸಿಲ್ ಹಿಡಿದು ಅಡಿಗೆರೆ ಎಳೆಯುತ್ತ. ಓದುವ ಮೊದಲು ನನಗೂ ಕಾಪಿರೈಟ್ ಅಂದರೆ ಎಲ್ಲೋ ಹೋಗಿ ನೋಂದಣಿ ಮಾಡಿಸುವುದು ಅಂತಿತ್ತು. ಬೇಕಿಲ್ಲ. ನೀವು ನಿಮ್ಮ ಮಾತಿನಲ್ಲಿ ಬರೆದ ಕ್ಷಣದಿಂದ ಅದು ನಿಮ್ಮದು. ಚಿಹ್ನೆ ಹಾಕದಿದ್ದರೂ, ಯಾರು ಬೇಕಾದರೂ ನೋಡುವ ಹಾಗೆ ಪುಕ್ಕಟೆ ಇಟ್ಟಿದ್ದರೂ ನಿಮ್ಮದೇ. ಪತ್ರಿಕೆಯ ನೌಕರರಾಗಿ ಬರೆದರೆ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ನನ್ನ ಹಾಗೆ ಹೊರಗಿನಿಂದ ಬರೆಯುವವರು ಬರಹದಲ್ಲಿ ಬಿಟ್ಟುಕೊಡದ ಹೊರತು ಹಕ್ಕು ಅವರಲ್ಲೇ ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 57ನೇ ಕಲಂ. ಹಕ್ಕನ್ನು ಮಾರಿದ ಮೇಲೂ ಇದು ತನ್ನ ಕೃತಿ ಅಂತ ಹೇಳಿಕೊಳ್ಳುವ ಅಧಿಕಾರ ಬರೆದವರಿಗೆ ಇದೆ. ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಅಧಿಕಾರವೂ ಇದೆ. 63ನೇ ಕಲಂ ಪ್ರಕಾರ ಬೇಕೆಂದೇ ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಅಂಕೋಲೆಯಿಂದ ಒಂದು ಅಂಕಣಕ್ಕಾಗಿ ಕೋರ್ಟು ಹತ್ತುವವರು ಯಾರು, ಅದು ಬೇರೆ ಮಾತು.

ಓದುತ್ತ ಒಂದು ಕಡೆ ನಿಂತೆ. ಕಾಯ್ದೆಯ ಪ್ರಕಾರ ಆ ಫೋಟೊ ಯಾರದು? ತೆಗೆದವಳು ನಾನು, ಹಾಗಾಗಿ ನನ್ನದು. ಮುಖ ಅಜ್ಜಿಯದು, ಆದರೆ ಕೃತಿಸ್ವಾಮ್ಯದ ಲೆಕ್ಕದಲ್ಲಿ ಅವರಿಗೆ ಏನೂ ಇಲ್ಲ. ಇದು ನನಗೆ ಸರಿ ಕಾಣಲಿಲ್ಲ. ಅವರು ಒಪ್ಪಿದ್ದು ಒಂದು ಪತ್ರಿಕೆಗೆ, ಒಂದು ಸಲಕ್ಕೆ. ಹಾಗಾಗಿ ಈಗ ಯಾರಾದರೂ ಆ ಫೋಟೊ ಕೇಳಿದರೆ ನಾನು ಒಬ್ಬಳೇ ಹೂಂ ಅನ್ನುವುದಿಲ್ಲ.

ಹಾಡಿನ ವಿಷಯ ಇನ್ನೂ ತೊಡಕು. ನಮ್ಮ ಬಡಗೇರಿಯ ಸುಕ್ರಿ ಬೊಮ್ಮ ಗೌಡರು, ಎಲ್ಲರ ಸುಕ್ರಜ್ಜಿ, 2017ರಲ್ಲಿ ಪದ್ಮಶ್ರೀ ಪಡೆದವರು. ಅವರ ನಾಲಗೆಯ ಮೇಲಿದ್ದ ಹಾಲಕ್ಕಿ ಹಾಡುಗಳನ್ನು ಕಟ್ಟಿದವರು ಯಾರು? ಗೊತ್ತಿಲ್ಲದಷ್ಟು ಹಳೆಯ ಕಾಲದ ಹೆಂಗಸರು. ಹಾಡಿಗೆ ಒಡೆಯರಿಲ್ಲ. ಆದರೆ ಹಾಡಿದ ಆ ಒಂದು ಸಲದ ಹಾಡಿಕೆಗೆ ಪ್ರದರ್ಶಕರ ಹಕ್ಕು ಅಂತ ಇದೆ, 1994ರ ತಿದ್ದುಪಡಿಯಿಂದ. ಧ್ವನಿಮುದ್ರಿಕೆ ಮಾಡಿದವರಿಗೆ ಬೇರೆ ಹಕ್ಕು. ಜಾನಪದ ಅಂದ ಮಾತ್ರಕ್ಕೆ ಬೇರೊಬ್ಬರ ರೆಕಾರ್ಡಿಂಗನ್ನು ಕತ್ತರಿಸಿ ನಮ್ಮ ವಿಡಿಯೊಕ್ಕೆ ಅಂಟಿಸುವಂತಿಲ್ಲ.

ಯಕ್ಷಗಾನದ್ದೂ ಇದೇ ಕಥೆ, ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಶಿವರಾಮ ಕಾರಂತರು ರಾಗ, ವೇಷ, ರಂಗಸಜ್ಜಿಕೆಗಳಲ್ಲಿ ಬದಲಾವಣೆ ತಂದು ಯಕ್ಷಗಾನ ಬ್ಯಾಲೆ ರೂಪಿಸಿದರು. ತಮ್ಮ ಕೃತಿಗಳ ಹಕ್ಕನ್ನು ಉಯಿಲಿನಲ್ಲಿ ಮಾಲಿನಿ ಮಲ್ಯರಿಗೆ ಬರೆದರು. ಕಾರಂತರು 1997ರಲ್ಲಿ ತೀರಿಕೊಂಡ ಮೇಲೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆ ಬ್ಯಾಲೆಯನ್ನು 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಮಲ್ಯರು ಉಡುಪಿಯ ಕೋರ್ಟಿಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿದು, ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳು ಮಾತ್ರ ಎಲ್ಲರಿಗೂ ಇದ್ದಂತೆ ಸಂಸ್ಥೆಗೂ ಇರುತ್ತವೆ ಅಂತ ಸ್ಪಷ್ಟ ಮಾಡಿತು. ಬಡಗು, ತೆಂಕು ಎಲ್ಲರ ಸೊತ್ತು. ಕಾರಂತರು ಅದರಿಂದ ಮಾಡಿದ್ದು ಕಾರಂತರದು.

ಅಂಕೋಲೆಯವಳಾಗಿ ದಿನಕರ ದೇಸಾಯಿಯವರ ಚುಟುಕಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅವರ ಚುಟುಕಗಳು ಫೋನಿನಿಂದ ಫೋನಿಗೆ ದಿನವೂ ಓಡಾಡುತ್ತವೆ. ಹತ್ತರಲ್ಲಿ ಎಂಟಕ್ಕೆ ಅವರ ಹೆಸರಿರುವುದಿಲ್ಲ. ಕೆಲವಕ್ಕೆ ಬೇರೆಯವರ ಹೆಸರು, ಕೆಲವಕ್ಕೆ ‘ಅನಾಮಿಕ’. ಹೇಳಿದರೆ “ನಾಲ್ಕೇ ಸಾಲು ಅಲ್ವಾ ಅಕ್ಕೋರೆ” ಅನ್ನುತ್ತಾರೆ. ಚುಟುಕ ಇರುವುದೇ ನಾಲ್ಕು ಸಾಲು ಮಾರಾಯ್ರೆ! ಕಾದಂಬರಿಯಿಂದ ನಾಲ್ಕು ಸಾಲು ತೆಗೆದರೆ ಉದ್ಧರಣೆ, ಚುಟುಕದಿಂದ ನಾಲ್ಕು ಸಾಲು ತೆಗೆದರೆ ಇಡೀ ಕೃತಿ. ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ. ನಮ್ಮಲ್ಲಿ ಲೇಖಕರ ಮರಣದ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2042ರ ಕೊನೆಯವರೆಗೆ. ಪುಸ್ತಕವೋ ಸಂಚಿಕೆಯೋ ಮಾಡುವವರು ಕೇಳಿಯೇ ಹಾಕಬೇಕು. ಗೆಳೆಯರಿಗೆ ಕಳಿಸುವವರನ್ನು ಯಾರೂ ಕೋರ್ಟಿಗೆ ಎಳೆಯಲಿಕ್ಕಿಲ್ಲ, ಕೆಳಗೆ ‘ದಿನಕರ ದೇಸಾಯಿ’ ಅಂತ ಬರೆಯಲು ಎಷ್ಟು ಹೊತ್ತು ಬೇಕು ಹೇಳಿ.

ಈ ಅರವತ್ತು ವರ್ಷದ ಹಿಂದೆ ನಮ್ಮ ಕಾರವಾರಕ್ಕೆ ಸಂಬಂಧಿಸಿದವರೇ ಒಬ್ಬರಿದ್ದಾರೆ ಎಂಬುದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಇಲ್ಲಿದ್ದಾಗಲೇ. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದನ್ನು ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಅವರ ಹೆಸರೇ ಇದೆ.

ಠಾಕೂರರು ತೀರಿಕೊಂಡದ್ದು 1941ರ ಆಗಸ್ಟ್ 7ರಂದು. ಆಗಿನ ಕಾಯ್ದೆಯಲ್ಲಿದ್ದದ್ದು ಐವತ್ತೇ ವರ್ಷ. ಅಂದರೆ 1991ರ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯಬೇಕಿತ್ತು. ಹಕ್ಕು ಇದ್ದದ್ದು ಅವರೇ ಕಟ್ಟಿದ ವಿಶ್ವಭಾರತಿಯ ಕೈಯಲ್ಲಿ. ಕೈ ಬಿಟ್ಟುಹೋಗಲು ಇನ್ನು ಮೂರು ದಿನ ಅನ್ನುವಾಗ, ಡಿಸೆಂಬರ್ 28ಕ್ಕೆ, ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಐವತ್ತನ್ನು ಅರವತ್ತು ಮಾಡಿತು. 1992ರಲ್ಲಿ ಅದೇ ತಿದ್ದುಪಡಿ ಕಾಯ್ದೆಯಾಯಿತು. ಒಬ್ಬರ ಸಲುವಾಗಿ ಕದಲಿದ ಗಡುವು, ಅನ್ವಯಿಸಿದ್ದು ಎಲ್ಲ ಲೇಖಕರಿಗೆ. ದೇಸಾಯಿಯವರ ಹಕ್ಕು 2032ಕ್ಕೆ ಮುಗಿಯದೆ 2042ಕ್ಕೆ ಹೋದದ್ದೂ ಹೀಗೆ. ಇದು ಸರಿಯೋ ಅಲ್ಲವೋ ಅಂತ ಈಗಲೂ ವಾದ ಮಾಡಬಹುದು. ನನ್ನನ್ನು ಕೇಳಿದರೆ ಐವತ್ತೇ ಸಾಕಿತ್ತು. ಬರೆದವರ ಮೊಮ್ಮಕ್ಕಳಿಗೂ ಬೇಡವಾದ ಎಷ್ಟೋ ಪುಸ್ತಕಗಳು ಕೇಳಲು ಯಾರೂ ಸಿಗದೆ ಮರುಮುದ್ರಣವಾಗದೆ ಬಿದ್ದಿವೆ.

2002ರ ಜನವರಿಯಿಂದ ಠಾಕೂರರ ಬರಹ ನಮ್ಮಲ್ಲಿ ಎಲ್ಲರದು. ಆದರೆ ಒಂದು ಎಚ್ಚರ ಬೇಕು. ಎಲ್ಲರದಾಗಿರುವುದು ಅವರು ಬರೆದದ್ದು. ಅದನ್ನು ಕನ್ನಡಕ್ಕೆ ತಂದವರಿಗೆ ತಮ್ಮ ಅನುವಾದದ ಮೇಲೆ ಪ್ರತ್ಯೇಕ ಹಕ್ಕಿದೆ, ಅದು ಆ ಅನುವಾದಕರ ಆಯುಷ್ಯದ ಮೇಲೆ ಮತ್ತೆ ಅರವತ್ತು ವರ್ಷ. ಕಾರವಾರದ ಬಗ್ಗೆ ಅವರು ಬರೆದ ಪುಟಗಳನ್ನು ಕನ್ನಡ ಪುಸ್ತಕದಿಂದ ಎತ್ತಿ ಹಾಕುವವರು ಇದನ್ನು ಗಮನಿಸಬೇಕು.

ಹಾಗಾದರೆ ಕೇಳದೆ ಏನನ್ನೂ ಮುಟ್ಟುವಂತಿಲ್ಲವೆ? ಹಾಗೇನಿಲ್ಲ. ಸಂಗತಿ ಯಾರ ಸೊತ್ತೂ ಅಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆಯಬಹುದು. ಇನ್ನೊಬ್ಬರು ಮಳೆಯಲ್ಲಿ ನಿಂತು ತೆಗೆದ ವಿಡಿಯೊ ಮಾತ್ರ ಅವರದು. ಅಡುಗೆಯೂ ಹಾಗೇ. ಕರಿ ಇಶಾಡ ಮಾವಿನ ಹಣ್ಣಿನ ರಸಾಯನಕ್ಕೆ ಬೆಲ್ಲ, ತೆಂಗಿನಹಾಲು, ಏಲಕ್ಕಿ ಅಂತ ಪಟ್ಟಿ ಕೊಟ್ಟರೆ ಅದರ ಮೇಲೆ ಯಾರಿಗೂ ಹಕ್ಕಿಲ್ಲ. ಆದರೆ ಒಬ್ಬರು ಅದನ್ನು ಅಮ್ಮನ ನೆನಪು ಸೇರಿಸಿ ಒಂದು ಪುಟ ಬರೆದರೆ ಆ ಪುಟ ಅವರದು. ವಿಮರ್ಶೆ ಮಾಡಲು ಒಂದೆರಡು ಸಾಲು ಉದ್ಧರಿಸಬಹುದು. ಮಾಸ್ತರು, ಅಕ್ಕೋರು ಪಾಠಕ್ಕೆಂದು ಪ್ರತಿ ಮಾಡಿ ಮಕ್ಕಳಿಗೆ ಕೊಡಬಹುದು. ಇನ್ನೊಂದು ವಿನಾಯಿತಿ ನನಗೆ ಹೊಸತಾಗಿತ್ತು: ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ, ಧಾರ್ಮಿಕ ವಿಷಯದ ಲೇಖನವನ್ನು ಒಂದು ಪತ್ರಿಕೆಯಿಂದ ಇನ್ನೊಂದು ಪತ್ರಿಕೆ ಮರುಮುದ್ರಿಸಬಹುದು, ಲೇಖಕರು ಆ ಹಕ್ಕನ್ನು ಸ್ಪಷ್ಟವಾಗಿ ಕಾದಿರಿಸಿಕೊಂಡಿಲ್ಲದಿದ್ದರೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ನಾನು ಬರೆದದ್ದನ್ನು ಯಾರಾದರೂ ಹಾಗೆ ಹಾಕಿಕೊಂಡರೆ ನನ್ನ ತಕರಾರಿಲ್ಲ, ಇನ್ನೂ ನಾಲ್ಕು ಕಡೆ ಬರಲಿ. ಅಜ್ಜಿಯ ಬರಹ ಆ ಜಾತಿಯದಲ್ಲ.

ಕೆಲವರು ತಾವಾಗಿಯೇ ಬಾಗಿಲು ತೆರೆದಿಟ್ಟಿದ್ದಾರೆ. ಕನ್ನಡ ವಿಕಿಪೀಡಿಯದಲ್ಲಿರುವ ಬರಹವನ್ನು ಮೂಲ ಹೇಳಿ, ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಟ್ಟು ಬಳಸಬಹುದು. ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಇಂಥದೇ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಿರಂಜನರ ಪುಸ್ತಕಗಳೂ ಅದೇ ವರ್ಷ ಹಾಗೆ ಮುಕ್ತವಾದವು. ಸ್ಮರಣ ಸಂಚಿಕೆಗೆ ಪುಟ ತುಂಬಿಸಲೇಬೇಕು ಅನ್ನುವವರು ಮೊದಲು ಅಲ್ಲಿ ನೋಡಲಿ.

ಇಷ್ಟೆಲ್ಲ ಬರೆಯಲು ಕಾರಣ ಹೋದ ವಾರ ಬಂದ ಒಂದು ಮೇಲ್. ಕಾರವಾರದ ಯುವಕರ ಸಂಘದವರು ಸಾಣಿಕಟ್ಟೆಯ ಉಪ್ಪಿನಾಗರದ ಬಗ್ಗೆ ನಾನು ಬರೆದದ್ದನ್ನು ತಮ್ಮ ಸಂಚಿಕೆಗೆ ಹಾಕಲು ಅಡ್ಡಿ ಇಲ್ಲವೇ, ಹೇಗೆ ಕೇಳಬೇಕು ಗೊತ್ತಾಗಲಿಲ್ಲ, ತಪ್ಪು ತಿಳಿಯಬೇಡಿ ಅಂತ ಬರೆದಿದ್ದಾರೆ. ಇಷ್ಟು ವರ್ಷದಲ್ಲಿ ಹಾಕುವ ಮೊದಲು ಕೇಳಿದವರು ಇವರು ಮೂರನೆಯವರು. ಕೇಳುವುದು ಸುಲಭ. ಯಾವ ಬರಹ, ಯಾವ ತಾರೀಖಿನದು, ಎಲ್ಲಿ ಹಾಕುತ್ತೀರಿ, ಅಚ್ಚಿನಲ್ಲೋ ಜಾಲದಲ್ಲೋ ಎರಡರಲ್ಲೂ ಹೌದೋ, ಎಷ್ಟು ಪ್ರತಿ, ಮಾರಾಟಕ್ಕೋ ಪುಕ್ಕಟೆಯೋ, ಏನಾದರೂ ಕತ್ತರಿಸುತ್ತೀರೋ, ಇಷ್ಟು ಬರೆದರೆ ಸಾಕು. ಉತ್ತರವನ್ನೂ ಬರಹದಲ್ಲೇ ಪಡೆಯಿರಿ, ಬಾಯಿಮಾತಿನ ಒಪ್ಪಿಗೆ ಕಾಯ್ದೆಗೆ ಸಾಲದು. ಎಷ್ಟು ಕಾಲಕ್ಕೆ ಅಂತಲೂ ಬರೆಸಿಕೊಳ್ಳಿ. ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು ಐದು ವರ್ಷ ಅಂತಲೂ, ಭಾರತದೊಳಗೆ ಮಾತ್ರ ಅಂತಲೂ ಎಣಿಸುತ್ತದೆ. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲ ಅಂತ ತಿಳಿಯಬೇಕು. ಮೌನಂ ಸಮ್ಮತಿ ಲಕ್ಷಣಂ ಎಂಬುದು ಇಲ್ಲಿ ನಡೆಯುವುದಿಲ್ಲ.

ಸಂಘದವರಿಗೆ ನನ್ನ ಉತ್ತರ: ಹಾಕಿ, ಸಂತೋಷ. ಅಚ್ಚಿನಲ್ಲಿ, ಒಂದು ಸಲ. ಮೊದಲು ಪ್ರಕಟವಾದದ್ದು ಇಲ್ಲಿ ಅಂತ ಪತ್ರಿಕೆಯ ಹೆಸರು, ತಿಂಗಳು ಹಾಕಿ, ಸಂಪಾದಕರಿಗೂ ಒಂದು ಮೇಲ್ ಮಾಡಿ. ಚಿತ್ರಗಳಲ್ಲಿ ಉಪ್ಪಿನ ರಾಶಿಯದು ನಾನು ತೆಗೆದದ್ದು, ಬಳಸಿಕೊಳ್ಳಿ. ಮೇಲಿನಿಂದ ತೆಗೆದ ದೊಡ್ಡ ಚಿತ್ರ ಕುಮಟೆಯ ಹುಡುಗನೊಬ್ಬನದು, ಅವನ ನಂಬರ್ ಕಳಿಸಿದ್ದೇನೆ, ಅವನನ್ನೇ ಕೇಳಿ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಪ್ಯಾರಾ ಉದ್ದವಾಯ್ತು ಅನ್ನಿಸಿದರೆ ಕತ್ತರಿಸುವ ಮೊದಲು ಒಂದು ಫೋನ್ ಮಾಡಿ. ಸಂಚಿಕೆ ಬಂದ ಮೇಲೆ ನನಗೆ ಎರಡು ಪ್ರತಿ ಬೇಕು. ಪೋಸ್ಟ್ ಖರ್ಚು ಮಾಡಬೇಡಿ, ಅಂಕೋಲೆ ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸಿದರೂ ಆಯ್ತು.